ನಿಂತೇ ಮಾರಬೇಕೆಂಬ ಕಟ್ಟಳೆ: ಸರಣಿ ಮಳಿಗೆಗಳಲ್ಲಿ ಕೂರುವ ಹಕ್ಕಿನ ಪ್ರಶ್ನೆ

ಒಂದೇ ಹೆಸರು, ಒಂದೇ ಸಮವಸ್ತ್ರ, ಒಂದೇ ನಿಯಮಾವಳಿಯಡಿ ಹಲವು ಊರುಗಳಲ್ಲಿ ನಡೆಯುವ ಅಂಗಡಿಗಳ ಸಮೂಹವನ್ನು ಸರಣಿ ಮಳಿಗೆ ಎನ್ನುವುದು ರೂಢಿ. ಇಂಥ ಮಳಿಗೆಗಳಲ್ಲಿ ದುಡಿಯುವವರ ಅನುಭವದ ಚರ್ಚೆ ಸಾಮಾನ್ಯವಾಗಿ ಸಂಬಳ, ಟಾರ್ಗೆಟ್, ವೀಕ್ ಆಫ್‌ಗಳ ಸುತ್ತಲೇ ತಿರುಗುತ್ತದೆ. ಆದರೆ ಆ ಅನುಭವದ ತಳದಲ್ಲಿ, ನೇಮಕಾತಿ ಪತ್ರದಲ್ಲಿ ಬಹುಮಟ್ಟಿಗೆ ಬರೆಯದೆಯೇ ಜಾರಿಯಲ್ಲಿರುವ ಇನ್ನೊಂದು ಕಟ್ಟಳೆ ಇದೆ. ಗಿರಾಕಿ ಎದುರಿಗಿದ್ದರೂ ಇಲ್ಲದಿದ್ದರೂ ಶಿಫ್ಟ್ ಮುಗಿಯುವವರೆಗೆ ನಿಂತೇ ಇರಬೇಕು ಎಂಬುದು ಆ ಕಟ್ಟಳೆ. ವ್ಯಾಪಾರಕ್ಕೆ ಇದು ಅನಿವಾರ್ಯ ಎಂಬ ನಂಬಿಕೆ ಮಾಲೀಕರಲ್ಲಿ ಮಾತ್ರವಲ್ಲ, ಕೊಳ್ಳುವವರಲ್ಲಿಯೂ, ಎಷ್ಟೋ ವೇಳೆ ನಿಂತು ದಣಿದವರಲ್ಲಿಯೂ ಬೇರೂರಿದೆ. ಆ ನಂಬಿಕೆಗೆ ಆಧಾರವಿಲ್ಲ. ಮಾರಾಟದ ಕೆಲಸ ನಿಲ್ಲುವುದನ್ನು ಬೇಡುವುದು ಕೆಲವು ಗಳಿಗೆಗಳಲ್ಲಿ ಮಾತ್ರ, ಉಳಿದ ಹೊತ್ತಿನ ನಿಲುವು ವಿಧೇಯತೆಯ ಪ್ರದರ್ಶನ, ಮತ್ತು ಅದನ್ನು ಸರಿಪಡಿಸಲು ಬಂದ ಕಾನೂನುಗಳು ಕುರ್ಚಿಯನ್ನು ಕೊಟ್ಟು ಕೂರುವ ಹೊತ್ತನ್ನು ಕೊಡದೆ ಅರ್ಧ ದಾರಿಯಲ್ಲಿ ನಿಂತಿವೆ.

ಸೀರೆ ವಿಭಾಗದ ಒಬ್ಬ ಸೇಲ್ಸ್ ಹುಡುಗಿಯ ಕೆಲಸವನ್ನು ಹತ್ತಿರದಿಂದ ಗಮನಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಗಿರಾಕಿ ಬಂದಾಗ ಆಕೆ ಮೇಲಿನ ಅರೆಗೆ ಕೈಚಾಚಿ ಸೀರೆಯ ಕಟ್ಟನ್ನು ಇಳಿಸುತ್ತಾಳೆ, ಒಂದೊಂದನ್ನೂ ಬಿಡಿಸಿ ಸೆರಗನ್ನು ಹರಡುತ್ತಾಳೆ, ಬೇಕೆಂದರೆ ತನ್ನ ಹೆಗಲ ಮೇಲೆಯೇ ಹಾಕಿಕೊಂಡು ತೋರಿಸುತ್ತಾಳೆ. ಗಿರಾಕಿ ಹೋದ ಮೇಲೆ ಬಿಡಿಸಿದ್ದೆಲ್ಲವನ್ನೂ ಗೀರು ತಪ್ಪದಂತೆ ಮಡಚಿ, ಬೆಲೆಚೀಟಿ ಮೇಲಕ್ಕೆ ಬರುವಂತೆ ತಿರುಗಿಸಿ, ಅದೇ ಅರೆಗೆ ಏರಿಸುತ್ತಾಳೆ. ಇದರಲ್ಲಿ ಅರೆಯಿಂದ ಇಳಿಸುವ, ಏರಿಸುವ ಮತ್ತು ಹೆಗಲ ಮೇಲೆ ಹಾಕಿ ತೋರಿಸುವ ಕೆಲಸಗಳಿಗೆ ನಿಲ್ಲಲೇಬೇಕು. ಮಡಚುವುದಕ್ಕೆ ಬೇಕಿಲ್ಲ, ಗಿರಾಕಿಯ ದಾರಿ ಕಾಯುವುದಕ್ಕಂತೂ ಬೇಕೇ ಇಲ್ಲ. ಆದರೂ ವಾರದ ನಡುವಿನ ಖಾಲಿ ಮಧ್ಯಾಹ್ನದಲ್ಲಿ ಆಕೆ ಕಂಬಕ್ಕೆ ಒರಗಿದರೂ ಫ್ಲೋರ್ ಮ್ಯಾನೇಜರ್ ಗದರುವುದುಂಟು. ಹಿಂದೆ ಮ್ಯಾನೇಜರ್‌ನ ಕಣ್ಣು ಬೇರೆಡೆ ಹೊರಳಿದಾಗ ಸಿಗುತ್ತಿದ್ದ ಒಂದೆರಡು ನಿಮಿಷವನ್ನು ಈಗ ಸಿಸಿಟಿವಿ ಕಿತ್ತುಕೊಂಡಿದೆ.

ನಡೆಯುವುದಕ್ಕೂ ನಿಲ್ಲುವುದಕ್ಕೂ ದೇಹದ ಮಟ್ಟಿಗೆ ದೊಡ್ಡ ವ್ಯತ್ಯಾಸವಿದೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಬಿಗಿದು ಸಡಿಲುತ್ತ ಕಾಲಿನ ರಕ್ತವನ್ನು ಹೃದಯದ ಕಡೆಗೆ ಒತ್ತುತ್ತವೆ. ಒಂದೆಡೆ ನಿಂತಾಗ ಆ ಒತ್ತು ನಿಂತುಹೋಗಿ ರಕ್ತ ಕೆಳಗೇ ಮಡುಗಟ್ಟುತ್ತದೆ, ಅಭಿಧಮನಿಗಳ ಒಳಗಿನ ಕವಾಟಗಳು ವರ್ಷಗಳ ಭಾರಕ್ಕೆ ಸೋಲುತ್ತವೆ. ನರ ಉಬ್ಬಿದೆ ಎಂದು ಜನ ಹೇಳುವ, ವೈದ್ಯರು ವೆರಿಕೋಸ್ ವೇನ್ಸ್ ಎನ್ನುವ ತೊಂದರೆ, ಅಂದರೆ ಅಭಿಧಮನಿಗಳು ಸುರುಳಿಗಟ್ಟಿ ಚರ್ಮದಡಿ ಎದ್ದು ಕಾಣುವ ಸ್ಥಿತಿ, ದೀರ್ಘಕಾಲ ನಿಂತು ದುಡಿಯುವವರಲ್ಲಿ ಹೆಚ್ಚು. ಸೊಂಟನೋವು, ಸಂಜೆಯ ಹೊತ್ತಿಗೆ ಚಪ್ಪಲಿ ಹಿಡಿಸದಷ್ಟು ಊದಿದ ಪಾದ ಇದರ ಜೊತೆಗೇ ಬರುತ್ತವೆ. ಶೌಚಾಲಯ ದೂರವಿದ್ದು, ಹೋಗಲು ಅಪ್ಪಣೆ ಕೇಳಬೇಕಾದ ಕಡೆ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಆಗ ಮೂತ್ರದ ಸೋಂಕು ಸೇರಿಕೊಳ್ಳುತ್ತದೆ. ಹೀಗಾಗಿ ನಿಲ್ಲುವ ಪ್ರಶ್ನೆಯನ್ನು ಶೌಚಾಲಯದ ಪ್ರಶ್ನೆಯಿಂದ ಬೇರ್ಪಡಿಸಿ ನೋಡಲಾಗದು.

ಕೂತು ಮಾರಿದರೆ ವ್ಯಾಪಾರ ಕೆಡುತ್ತದೆ ಎಂಬ ವಾದಕ್ಕೆ ಕರ್ನಾಟಕದ ಜವಳಿ ವ್ಯಾಪಾರದ ಒಳಗೇ ಉತ್ತರವಿದೆ. ಬೆಂಗಳೂರಿನ ಚಿಕ್ಕಪೇಟೆಯ ಹಳೆಯ ರೇಷ್ಮೆ ಸೀರೆ ಅಂಗಡಿಗಳಲ್ಲಿ ಬಿಳಿ ಹಾಸು ಹಾಸಿದ ಗಾದಿಯೇ ವ್ಯಾಪಾರದ ಸ್ಥಳ. ಕೊಳ್ಳುವವರೂ ಮಾರುವವರೂ ಎದುರುಬದುರಾಗಿ ಕೂತು, ಸೀರೆಯನ್ನು ಹಾಸಿನ ಮೇಲೆ ಹರಡಿ, ಮದುವೆಯ ಜವಳಿಯಂಥ ದೊಡ್ಡ ವ್ಯಾಪಾರವನ್ನೇ ಮುಗಿಸುತ್ತಾರೆ. ಅಲ್ಲಿಯೂ ಕಟ್ಟುಗಳನ್ನು ತಂದುಕೊಡುವ ಹುಡುಗರು ನಿಂತೇ ಇರುತ್ತಾರೆ ಎಂಬುದನ್ನು ಮರೆಯಬಾರದು, ಆ ಪದ್ಧತಿಯನ್ನು ಆದರ್ಶವೆಂದು ಕೊಂಡಾಡಬೇಕಾಗಿಯೂ ಇಲ್ಲ. ಆದರೆ ಕೂತ ಮಾರಾಟಗಾರ ಗಿರಾಕಿಗೆ ಅಗೌರವ ತೋರುತ್ತಾನೆ ಎಂಬ ಭಾವನೆ ಈ ನೆಲದ್ದಲ್ಲ ಎಂಬುದಕ್ಕೆ ಅದು ಸಾಕ್ಷಿ. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್, ಲಂಡನ್‌ಗಳಲ್ಲಿ ಬೆಳೆದ ಬಹುವಿಭಾಗಗಳ ದೊಡ್ಡ ಮಳಿಗೆಗಳಲ್ಲಿ ಕೊಳ್ಳುವವರು ಓಡಾಡುವವರಾದರು, ಮಾರುವವರು ಅವರ ಕಣ್ಣಳತೆಯಲ್ಲಿ ಸಿದ್ಧವಾಗಿ ನಿಂತಿರಬೇಕಾದವರಾದರು. ಇಂದಿನ ಸರಣಿ ಮಳಿಗೆಗಳ ಶಿಸ್ತು ಆ ಪರಂಪರೆಯದು.

ಆ ಶಿಸ್ತನ್ನು ಹುಟ್ಟುಹಾಕಿದ ದೇಶಗಳೇ ಮುಂದೆ ಅದರ ಕ್ರೌರ್ಯವನ್ನು ಒಪ್ಪಿಕೊಂಡವು. ಬ್ರಿಟನ್ 1899ರಲ್ಲಿ ತಂದ ಕಾಯ್ದೆಯು ಅಂಗಡಿಯ ಪ್ರತಿ ಕೋಣೆಯಲ್ಲಿ ಮೂವರು ಮಹಿಳಾ ಸಹಾಯಕಿಯರಿಗೆ ಕನಿಷ್ಠ ಒಂದು ಆಸನ ಇರಬೇಕೆಂದಿತು. ಫ್ರಾನ್ಸ್ ಮರುವರ್ಷವೇ, 1900ರ ಡಿಸೆಂಬರ್‌ನಲ್ಲಿ, ದುಡಿಯುವ ಹೆಂಗಸರ ಸಂಖ್ಯೆಯಷ್ಟೇ ಆಸನಗಳಿರಬೇಕೆಂದಿತು. ಮೂವರಿಗೆ ಒಂದು ಎಂದಾಗ ಯಾರು ಯಾವಾಗ ಕೂರಬೇಕೆಂಬುದನ್ನು ಮೇಲ್ವಿಚಾರಕ ನಿರ್ಧರಿಸುತ್ತಾನೆ, ಒಬ್ಬರಿಗೆ ಒಂದು ಎಂದಾಗ ಆಸನ ಆ ಕೆಲಸದವಳ ಸ್ಥಾನದ ಭಾಗವಾಗುತ್ತದೆ. ಎರಡು ಕಾನೂನುಗಳೂ ಹೆಂಗಸರನ್ನಷ್ಟೇ ಗಮನಿಸಿದ್ದು ಆ ಕಾಲದ ಮಿತಿ. 1964ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು ವಾಣಿಜ್ಯ ಸಂಸ್ಥೆಗಳ ಮತ್ತು ಕಚೇರಿಗಳ ನೈರ್ಮಲ್ಯ ಕುರಿತು ಅಂಗೀಕರಿಸಿದ 120ನೆಯ ಒಡಂಬಡಿಕೆ ಈ ಮಿತಿಯನ್ನು ದಾಟಿ, ಎಲ್ಲ ಕೆಲಸಗಾರರಿಗೂ ಸಾಕಷ್ಟು ಆಸನಗಳಿರಬೇಕು, ಅವನ್ನು ಬಳಸಲು ಯುಕ್ತವಾದ ಅವಕಾಶವನ್ನೂ ಕೊಡಬೇಕು ಎಂದಿತು.

ಭಾರತದಲ್ಲಿ ಈ ಪ್ರಶ್ನೆಯನ್ನು ಎತ್ತಿದ್ದು ಕೋಯಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳ ಹೆಂಗಸರು. ಸ್ವತಃ ಹೊಲಿಗೆ ಕೆಲಸದವರಾಗಿದ್ದ ಪಿ. ವಿಜಿ ಅವರ ಮುಂದಾಳುತನದಲ್ಲಿ ರೂಪುಗೊಂಡ ಪೆಣ್‌ಕೂಟ್ಟ್ ಎಂಬ ಸಂಘಟನೆ ಮೊದಲು ಕೇಳಿದ್ದು ಶೌಚಾಲಯವನ್ನು. ಆ ಹೋರಾಟದಿಂದಲೇ ಕೂರುವ ಹಕ್ಕಿನ ಬೇಡಿಕೆ ಬೆಳೆಯಿತು. ಕೂತರೆ, ಗೋಡೆಗೆ ಒರಗಿದರೆ ಸಂಬಳ ಕಡಿತವಾಗುತ್ತದೆ ಎಂದು ಆ ಹೆಂಗಸರು ಬಹಿರಂಗವಾಗಿ ಹೇಳತೊಡಗಿದರು. ತ್ರಿಶ್ಶೂರಿನ ಒಂದು ದೊಡ್ಡ ಸೀರೆ ಮಳಿಗೆಯ ಕೆಲವೇ ಕೆಲಸಗಾರ್ತಿಯರು 2014ರ ಕೊನೆಯಲ್ಲಿ ಆರಂಭಿಸಿದ ಧರಣಿ ನೂರು ದಿನ ದಾಟಿತು. ಇದರ ಫಲವಾಗಿ ಕೇರಳ 2018ರಲ್ಲಿ ತನ್ನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದಿತು. ತಮಿಳುನಾಡು 2021ರಲ್ಲಿ ಅದೇ ದಾರಿ ಹಿಡಿಯಿತು. ದೊಡ್ಡ ಕಾರ್ಮಿಕ ಸಂಘಗಳು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದ, ಬಹುಪಾಲು ಬಡ ಕುಟುಂಬಗಳ ಹೆಂಗಸರು ಗಳಿಸಿದ ಈ ಜಯದ ಮಹತ್ವವನ್ನು ಎಷ್ಟು ಹೇಳಿದರೂ ಕಡಿಮೆಯೇ.

ಆದರೆ ಈ ತಿದ್ದುಪಡಿಗಳ ಪಠ್ಯವನ್ನು ಅಷ್ಟೇ ನಿಷ್ಠುರವಾಗಿ ಓದಬೇಕಾಗಿದೆ. ಕೆಲಸದ ನಡುವೆ ಕೂರಲು ಒದಗುವ ಅವಕಾಶವನ್ನು ಬಳಸಿಕೊಳ್ಳಲು ಅನುವಾಗುವಂತೆ ಆಸನದ ವ್ಯವಸ್ಥೆ ಇರಬೇಕು ಎಂಬುದು ಅವುಗಳ ಸಾರ. ಈ ಮಾತಿನ ಮೂಲ 1948ರ ಕಾರ್ಖಾನೆಗಳ ಕಾಯ್ದೆಯ 44ನೆಯ ಕಲಮಿನಲ್ಲಿದೆ. ಕಾರ್ಖಾನೆಯಲ್ಲಿ ಅವಕಾಶವನ್ನು ಬಹುಮಟ್ಟಿಗೆ ಯಂತ್ರವೇ ಒದಗಿಸುತ್ತದೆ: ಯಂತ್ರ ನಿಂತಾಗ, ಕಚ್ಚಾ ಸಾಮಗ್ರಿ ಬರುವುದು ತಡವಾದಾಗ ಕೆಲಸವೂ ನಿಲ್ಲುತ್ತದೆ, ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ಮಳಿಗೆಯಲ್ಲಿ ಅವಕಾಶ ಇದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವವನು ಮ್ಯಾನೇಜರ್. ಗಿರಾಕಿ ಇಲ್ಲದ ಹೊತ್ತಿಗೆ ಧೂಳು ಒರೆಸುವ, ಹ್ಯಾಂಗರ್‌ಗಳನ್ನು ಅಳತೆಯ ಪ್ರಕಾರ ಜೋಡಿಸುವ, ಸ್ಟಾಕ್ ಎಣಿಸುವ ಕೆಲಸವನ್ನು ಸದಾ ಕೊಡಬಹುದು. ಕೊಟ್ಟ ಮೇಲೆ ಕಾನೂನಿನ ಕಣ್ಣಿಗೆ ಅವಕಾಶವೇ ಒದಗಲಿಲ್ಲ ಎಂದಾಗುತ್ತದೆ. ಇದರ ಮೇಲೆ ಇನ್ಸೆಂಟಿವ್ ಪದ್ಧತಿ ಇದೆ. ತಿಂಗಳ ಟಾರ್ಗೆಟ್ ಮುಟ್ಟಿದರೆ ಸಿಗುವ ಹೆಚ್ಚುವರಿ ಹಣವೇ ಕಡಿಮೆ ಸಂಬಳದವರ ಆಸರೆಯಾದಾಗ, ಕೂತಿರುವ ಹುಡುಗಿ ಏಳುವಷ್ಟರಲ್ಲಿ ಗಿರಾಕಿಯನ್ನು ಪಕ್ಕದವಳು ಕರೆದುಕೊಂಡು ಹೋಗುತ್ತಾಳೆಂಬ ಭಯ ಆಕೆಯನ್ನು ಯಾರೂ ಹೇಳದೆಯೂ ನಿಲ್ಲಿಸಿಡುತ್ತದೆ. ಮಳಿಗೆಯೊಳಗೆ ದುಡಿದರೂ ಬ್ರ್ಯಾಂಡ್ ಕಂಪನಿ ಅಥವಾ ಏಜೆನ್ಸಿಯ ಲೆಕ್ಕದಲ್ಲಿರುವ ಪ್ರಮೋಟರ್‌ಗಳ ಸ್ಥಿತಿ ಇನ್ನೂ ಕಷ್ಟದ್ದು. ಕುರ್ಚಿ ಕೊಡಬೇಕಾದವರು ಯಾರು ಎಂಬುದೇ ಅವರ ವಿಷಯದಲ್ಲಿ ವಿವಾದವಾಗಬಲ್ಲದು.

ಕಾರ್ಖಾನೆಗಳ ಕಾಯ್ದೆಯ ಅದೇ ಕಲಮಿಗೆ ಎರಡನೆಯ ಭಾಗವೂ ಇತ್ತು: ಯಾವುದೇ ಕೆಲಸವನ್ನು ಕೂತೇ ದಕ್ಷವಾಗಿ ಮಾಡಲು ಸಾಧ್ಯವೆಂದು ಮುಖ್ಯ ತಪಾಸಣಾಧಿಕಾರಿಗೆ ಕಂಡರೆ, ಆ ಕೆಲಸಕ್ಕೆ ಆಸನ ಒದಗಿಸುವಂತೆ ಆತ ಲಿಖಿತವಾಗಿ ಆದೇಶಿಸಬಹುದಿತ್ತು. ಬಿಡುವು ಸಿಕ್ಕಾಗ ಕೂರುವುದಕ್ಕಿಂತ ಇದು ಬಹಳ ಮುಂದಿನ ಮಾತು. ಇದು ಕೂತು ದುಡಿಯುವ ಹಕ್ಕು. ಅಂಗಡಿ ಕಾಯ್ದೆಗಳ ತಿದ್ದುಪಡಿ ಮೊದಲ ಭಾಗವನ್ನು ಎತ್ತಿಕೊಂಡು ಎರಡನೆಯದನ್ನು ಬಿಟ್ಟಿದ್ದು ಅವುಗಳ ದೊಡ್ಡ ಕೊರತೆ.

ಈ ಎರಡನೆಯ ಹಕ್ಕಿನ ಬಲ ಎಂಥದೆಂಬುದು ಕ್ಯಾಲಿಫೋರ್ನಿಯಾದಲ್ಲಿ ಕಂಡುಬಂದಿದೆ. ಕೆಲಸದ ಸ್ವರೂಪ ಅನುಮತಿಸುವಲ್ಲೆಲ್ಲ ಆಸನ ಕೊಡಬೇಕೆಂಬ ನಿಯಮ ಅಲ್ಲಿ ಮೊದಲಿನಿಂದಲೂ ಇತ್ತು. ದಿನದ ಒಟ್ಟು ಕೆಲಸದಲ್ಲಿ ನಿಲ್ಲಬೇಕಾದ ಭಾಗವೂ ಇರುವುದರಿಂದ ಆಸನ ಬೇಡ ಎಂದು ಔಷಧ ಮಳಿಗೆಗಳ ಸರಣಿಯಾದ ಸಿವಿಎಸ್ ವಾದಿಸಿದಾಗ, ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಅದನ್ನು ಒಪ್ಪಲಿಲ್ಲ; ನಿರ್ದಿಷ್ಟ ಸ್ಥಳದಲ್ಲಿ ಮಾಡುವ ಕೆಲಸವನ್ನೇ ಪರಿಶೀಲಿಸಬೇಕು, ನೌಕರರು ನಿಂತಿರಲಿ ಎಂಬ ಮಾಲೀಕರ ಬರಿಯ ಇಷ್ಟ ಕಾರಣವಾಗಲಾರದು ಎಂದಿತು. 2018ರಲ್ಲಿ ವಾಲ್‌ಮಾರ್ಟ್, ತಪ್ಪನ್ನು ಒಪ್ಪಿಕೊಳ್ಳದೆಯೇ, ಅದೇ ರಾಜ್ಯದ ಕ್ಯಾಷಿಯರ್‌ಗಳು ಹೂಡಿದ್ದ ಇಂಥದೇ ಮೊಕದ್ದಮೆಯನ್ನು 6.5 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಜರ್ಮನಿಯ ಆಲ್ಡಿ ಸರಣಿಯ ಕ್ಯಾಷಿಯರ್‌ಗಳು ಅಮೆರಿಕದ ಮಳಿಗೆಗಳಲ್ಲಿಯೂ ಕೂತೇ ಬಿಲ್ ಮಾಡುತ್ತಾರೆ. ಅಗ್ಗದ ಬೆಲೆಗೂ ವೇಗದ ಬಿಲ್ಲಿಂಗ್‌ಗೂ ಆ ಸರಣಿ ಹೆಸರಾಗಿದೆ. ದಕ್ಷತೆಯ ಹೆಸರಿನಲ್ಲಿ ನಿಲ್ಲಿಸುವವರಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ಐದು ಗಂಟೆಗಿಂತ ಹೆಚ್ಚು ಹೊತ್ತು ಎಡೆಬಿಡದೆ ದುಡಿಸಬಾರದು, ನಡುವೆ ಕನಿಷ್ಠ ಒಂದು ಗಂಟೆಯ ವಿರಾಮವಿರಬೇಕು ಎನ್ನುತ್ತದೆ. ಊಟದ ಆ ಒಂದು ಗಂಟೆಯ ಆಚೀಚೆ ಇರುವ ಐದೈದು ಗಂಟೆಗಳಲ್ಲಿ ಕಾಲಿಗೆ ಏನಾಗುತ್ತದೆ ಎಂಬುದೇ ಇಲ್ಲಿಯ ಪ್ರಶ್ನೆ. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ನಿಂತು ದುಡಿಯಲೇಬೇಕಾದ ನೌಕರರಿಗೆ ಕೂರುವ ವ್ಯವಸ್ಥೆಯನ್ನು ಕ್ಷೇಮ ಸೌಲಭ್ಯಗಳಲ್ಲಿ ಸೇರಿಸಿದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಸಂಸ್ಥೆಗಳು ಅದರ ವ್ಯಾಪ್ತಿಗೆ ಬರುವುದರಿಂದ ಸರಣಿ ಮಳಿಗೆಗಳಲ್ಲಿ ಬಹುಪಾಲು ತಪ್ಪಿಸಿಕೊಳ್ಳಲಾರವು. ಹಳೆಯ ಅನುಭವದಿಂದ ಕಲಿಯುವುದಾದರೆ, ರಾಜ್ಯದ ಕಾರ್ಮಿಕ ಇಲಾಖೆ ಮಳಿಗೆಯ ಮೂಲೆಯಲ್ಲಿ ನಾಲ್ಕು ಸ್ಟೂಲ್ ಇವೆಯೇ ಎಂದು ಎಣಿಸಿ ಹಿಂತಿರುಗಬಾರದು. ಬಿಲ್ಲಿಂಗ್ ಕೌಂಟರ್‌ನ ಎತ್ತರ ಕೂತು ಕೆಲಸ ಮಾಡುವಂತಿದೆಯೇ, ಆಸನಗಳು ಕೆಲಸದ ಜಾಗದಲ್ಲಿಯೇ ಇವೆಯೇ, ಕೂತದ್ದಕ್ಕೆ ದಂಡ ಅಥವಾ ಮೆಮೊ ಕೊಟ್ಟಿದ್ದಾರೆಯೇ ಎಂಬುದನ್ನು ಮ್ಯಾನೇಜರ್ ಎದುರಿಗಿಲ್ಲದಾಗ ನೌಕರರನ್ನೇ ಕೇಳಿ ತಿಳಿಯಬೇಕು. ಕೊಳ್ಳಲು ಹೋಗುವವರ ಪಾಲೂ ಇದರಲ್ಲಿದೆ: ಕೂತ ನೌಕರರನ್ನು ಕಂಡು ದೂರು ಹೇಳದಿರುವುದಷ್ಟೇ ಸಾಲದು, ನಿಂತವರಿಗೆ ಕುರ್ಚಿ ಏಕಿಲ್ಲ ಎಂದು ಮಳಿಗೆಯವರನ್ನು ಗಿರಾಕಿಯಾಗಿಯೇ ಕೇಳಬೇಕು.