ಉತ್ಸರ್ಜನ ರೇಖೆಗಳ ಸಾಕ್ಷ್ಯ: ಒಂದು ವಿಮರ್ಶೆ

ಆಕರಗಳ ಪ್ರಾಮಾಣ್ಯವನ್ನು ಪರೀಕ್ಷಿಸುವುದು ಚರಿತ್ರೆಯ ವಿದ್ಯಾರ್ಥಿಯು ಕಲಿಯಬೇಕಾದ ಮೊದಲ ಪಾಠ. ಆಕಾಶದ ಸಮೀಕ್ಷೆಯೂ ಒಂದು ಆಕರವೇ ಆದುದರಿಂದ ಅದನ್ನು ಅದೇ ಒರೆಗಲ್ಲಿಗೆ ಹಚ್ಚುವುದು ಅನುಚಿತವಾಗಲಾರದು.

ಸಹಜೀವಿ ತಾರೆಗಳೆಂಬುವು ಒಂದು ಬಗೆಯ ಯಮಳ ನಕ್ಷತ್ರಗಳು. ಜೊತೆಯಲ್ಲಿ ಒಂದು ಕೆಂಪು ದೈತ್ಯ. ಅದು ಹೊರಚೆಲ್ಲುವ ಅನಿಲವನ್ನು ಸೆಳೆದುಕೊಳ್ಳುವ ಇನ್ನೊಂದು ಸಾಮಾನ್ಯವಾಗಿ ಶ್ವೇತಕುಬ್ಜ. ಇವುಗಳ ಕಾಂತಿ ಏರಿಳಿಯುತ್ತದೆ. ಕುಬ್ಜದ ಮೈಮೇಲೆ ಹೈಡ್ರೋಜನ್ ಉರಿಯುತ್ತಿದ್ದರೆ ಅದರ ತೀಕ್ಷ್ಣ ಕಿರಣಗಳು ಸುತ್ತಲಿನ ಅನಿಲವನ್ನು ಬೆಳಗಿಸಿ, ರೋಹಿತದಲ್ಲಿ ಉಜ್ಜ್ವಲವಾದ ಉತ್ಸರ್ಜನ ರೇಖೆಗಳನ್ನು ಮೂಡಿಸುತ್ತವೆ. ಈ ರೇಖೆಗಳನ್ನೇ ಗುರುತಾಗಿಟ್ಟುಕೊಂಡು ಇಂಥ ತಾರೆಗಳನ್ನು ಹುಡುಕುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಲಾ ಪಾಲ್ಮಾ ದ್ವೀಪದ ಐಸಾಕ್ ನ್ಯೂಟನ್ ದೂರದರ್ಶಕದಿಂದ 2003ರಲ್ಲಿ ಆರಂಭವಾದ ಸಮೀಕ್ಷೆಯು ಆಕಾಶಗಂಗೆಯ ಉತ್ತರಭಾಗವನ್ನು ಹೈಡ್ರೋಜನಿನ ಕೆಂಪು ರೇಖೆಯಲ್ಲಿ ಶೋಧಿಸಿತು. 2008ರ ಹೊತ್ತಿಗೆ ಸಾವಿರಕ್ಕೂ ಮಿಕ್ಕ ಸಂಭಾವ್ಯ ಸಹಜೀವಿಗಳ ಪಟ್ಟಿ ಸಿದ್ಧವಾಯಿತು.

ಈ ಪದ್ಧತಿಯ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಕೋಟ್ಯಂತರ ನಕ್ಷತ್ರಗಳ ನಡುವೆ ಎತ್ತ ನೋಡಬೇಕೆಂಬುದನ್ನು ಅದು ತೋರಿಸುತ್ತದೆ. ಆದರೆ ಪಟ್ಟಿಯೇ ನಿರ್ಣಯವೆಂದು ಭಾವಿಸುವುದು ತಪ್ಪು. ಎಳೆಯ ತಾರೆಗಳೂ ಗ್ರಹರೂಪಿ ನೀಹಾರಿಕೆಗಳೂ ಇದೇ ರೇಖೆಯನ್ನು ಬೀರುತ್ತವೆ. ಒಂದೊಂದರ ರೋಹಿತವನ್ನೂ ಬಿಡಿಸಿ ನೋಡಿ, ಕಾಂತಿಯ ಏರಿಳಿತವನ್ನು ವರ್ಷಗಟ್ಟಲೆ ಗಮನಿಸಿದ ಮೇಲೆಯೇ ಅದು ಯಮಳವೆಂದು ಹೇಳಬಹುದು.

ಇದಕ್ಕಿಂತ ಗುರುತರವಾದ ಆಕ್ಷೇಪ ಇನ್ನೊಂದಿದೆ. ಕುಬ್ಜದ ಮೇಲೆ ಉರಿ ಇಲ್ಲದೆ, ಅನಿಲ ಬಂದು ಬೀಳುವುದಷ್ಟೇ ನಡೆಯುತ್ತಿದ್ದರೆ ಗೋಚರ ಬೆಳಕಿನ ರೇಖೆಗಳು ತೀರ ಮಂಕಾಗಿರುತ್ತವೆ. ಎಸ್‌ಯು ಲಿಂಕಿಸ್ ಅಂಥದು. ಸಾಧಾರಣ ಕೆಂಪು ದೈತ್ಯವೆಂದೇ ಎಣಿಸಲ್ಪಟ್ಟಿದ್ದ ಈ ತಾರೆಯ ಸಹಜೀವಿ ಸ್ವರೂಪವನ್ನು 2016ರಲ್ಲಿ ಹೊರಗೆಡಹಿದ್ದು ಕ್ಷಕಿರಣಗಳು. 2015ರಲ್ಲಿ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯು ನಮ್ಮ ಹೊಸಕೋಟೆಯಲ್ಲಿ ಜೋಡಿಸಿತ್ತು. ಅದರಿಂದ ಪಡೆದ ರೋಹಿತವು ಈ ನಿರ್ಣಯವನ್ನು ದೃಢಪಡಿಸಿದುದು 2021ರಲ್ಲಿ ಪ್ರಕಟವಾಯಿತು. ರೇಖೆಗಳು ಇದ್ದೇ ಇದ್ದುವು, ಆದರೆ ಅತಿನೇರಳೆಯಲ್ಲಿ.

ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ನಿದರ್ಶನ ಇಲ್ಲಿ ಸ್ಮರಣೀಯ. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರವೇ ಇದ್ದುವು. ಅಶೋಕನೆಂಬ ಹೆಸರು ಮೊದಲು ದೊರೆತದ್ದು ಮಸ್ಕಿಯ ಬಂಡೆಯಲ್ಲಿ. 1915ರಲ್ಲಿ ಅದನ್ನು ಕಂಡವನು ಶಾಸನಪಂಡಿತನಲ್ಲ, ಚಿನ್ನವನ್ನರಸುತ್ತಿದ್ದ ಎಂಜಿನಿಯರ್ ಬೀಡನ್. ಒಂದೇ ಜಾತಿಯ ಸಾಕ್ಷ್ಯವನ್ನು ಎಷ್ಟು ಕೂಡಿಹಾಕಿದರೂ ದೊರೆಯದ ಉತ್ತರ ಬೇರೊಂದು ದಾರಿಯಿಂದ ಬಂದಿತು.

ಸಹಜೀವಿ ತಾರೆಗಳ ಸಂಖ್ಯೆ ಬರಿಯ ಕುತೂಹಲದ ವಿಷಯವಲ್ಲ. ಒಂದು ವರ್ಗದ ಸೂಪರ್‌ನೋವಾಗಳಿಗೆ ಇವು ಮೂಲವಾಗಬಹುದೇ ಎಂಬ ಚರ್ಚೆ ಆ ಲೆಕ್ಕವನ್ನು ಅವಲಂಬಿಸಿದೆ. ರೇಖೆಗಳ ಪಟ್ಟಿಯಿಂದಷ್ಟೇ ಲೆಕ್ಕ ಹಾಕಿದರೆ ನಾವು ಎಣಿಸುವುದು ತಾರೆಗಳನ್ನಲ್ಲ, ನಮ್ಮ ಜರಡಿಯಲ್ಲಿ ಉಳಿದವುಗಳನ್ನು. ಶಾಸನವಿಲ್ಲದ ಊರಿಗೆ ಚರಿತ್ರೆಯಿಲ್ಲವೆಂದು ಬರೆಯುವವನೂ ಇದೇ ತಪ್ಪನ್ನು ಮಾಡುತ್ತಾನೆ.