ಎಣಿಕೆಯ ಅಂಕಿಗಳೂ ಅಚೌರ್ಯಾಣುವ್ರತವೂ

ತಕ್ಕಡಿಯ ಶುದ್ಧಿಯನ್ನು ಜೈನಾಚಾರ್ಯರು ಧರ್ಮದ ವಿಷಯವೆಂದೇ ಪರಿಗಣಿಸಿದರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಉಮಾಸ್ವಾಮಿಗಳು ‘ಹೀನಾಧಿಕಮಾನೋನ್ಮಾನ’ವನ್ನೂ ಸೇರಿಸಿದ್ದಾರೆ. ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು ಅಳತೆ ಬಳಸುವುದು ವ್ರತಕ್ಕೆ ಕಳಂಕವೆಂಬುದು ಅದರ ತಾತ್ಪರ್ಯ. ಬಸದಿಗಳ ಟ್ರಸ್ಟುಗಳು ಜಾಲತಾಣಗಳನ್ನು ನಡೆಸುತ್ತಿರುವ ಇಂದಿನ ದಿನಗಳಲ್ಲಿ ಒಂದು ಹೊಸ ಅಳತೆ ಬಳಕೆಗೆ ಬಂದಿದೆ. ಅದು ಜಾಲತಾಣಕ್ಕೆ ಬಂದುಹೋದವರ ಎಣಿಕೆ. ದಾನಿಗಳ ಮುಂದೆ ಇಡಲಾಗುವ ಈ ಅಂಕಿಗಳು ಎಷ್ಟರಮಟ್ಟಿಗೆ ಸತ್ಯ ಎಂಬುದು ವಿವೇಚನಾರ್ಹವಾದ ಪ್ರಶ್ನೆ.

ಮೊದಲಿಗೆ ‘ಹಿಟ್’ ಎಂಬ ಅಂಕಿಯನ್ನು ನೋಡಬಹುದು. ಸರ್ವರಿನಿಂದ ಒಂದು ಕಡತವನ್ನು ಕೇಳಿದರೆ ಅದು ಒಂದು ಹಿಟ್. ಪುಟವೊಂದರಲ್ಲಿ ಗೊಮ್ಮಟಮೂರ್ತಿಯ 20 ಚಿತ್ರಗಳಿದ್ದರೆ, ಒಬ್ಬನೇ ವ್ಯಕ್ತಿ ಅದನ್ನು ಒಮ್ಮೆ ತೆರೆದರೂ ಸರ್ವರಿನ ದಾಖಲೆಯಲ್ಲಿ ಕನಿಷ್ಠ 21 ಹಿಟ್‌ಗಳು ಸೇರುತ್ತವೆ. ಪುಟವೀಕ್ಷಣೆಯೆಂಬುದು ಬೇರೆ, ಭೇಟಿಯೆಂಬುದು ಬೇರೆ, ಸಂದರ್ಶಕನೆಂಬುದು ಮತ್ತೂ ಬೇರೆ. ಗೂಗಲ್ ಅನಲಿಟಿಕ್ಸ್ ಸಾಮಾನ್ಯವಾಗಿ 30 ನಿಮಿಷಗಳ ನಿಷ್ಕ್ರಿಯತೆಯ ನಂತರ ಭೇಟಿ ಮುಗಿಯಿತೆಂದು ಬಗೆಯುತ್ತದೆ. ಓದುತ್ತಿದ್ದವನು ಊಟಕ್ಕೆ ಎದ್ದುಹೋಗಿ ಒಂದು ಗಂಟೆಯ ನಂತರ ಓದು ಮುಂದುವರಿಸಿದರೆ ಅದು ಎರಡನೆಯ ಭೇಟಿ. ಒಬ್ಬನೇ ಮೊಬೈಲಿನಲ್ಲಿಯೂ ಕಚೇರಿಯ ಕಂಪ್ಯೂಟರಿನಲ್ಲಿಯೂ ನೋಡಿದರೆ ಸಾಮಾನ್ಯವಾಗಿ ಇಬ್ಬರೆಂದು ಲೆಕ್ಕ. ಮನೆಮಂದಿಯೆಲ್ಲ ಒಂದೇ ಮೊಬೈಲನ್ನು ಬಳಸಿದರೆ ಒಬ್ಬರೆಂದು ಲೆಕ್ಕ. ಸರ್ವರಿನ ದಾಖಲೆಯಲ್ಲಿ ಹುಡುಕುಯಂತ್ರಗಳ ತಂತ್ರಾಂಶಗಳು ಬಂದುಹೋದುದೂ ಬೆರೆತಿರುತ್ತದೆ. ಇತ್ತ ಎಣಿಕೆಯನ್ನು ತಡೆಯುವ ಸಾಧನ ಅಳವಡಿಸಿಕೊಂಡ ನಿಜವಾದ ಓದುಗ ಅನಲಿಟಿಕ್ಸ್ ವರದಿಯಿಂದ ಹೊರಗುಳಿಯುತ್ತಾನೆ.

ಇವೆಲ್ಲವೂ ಸುಳ್ಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅನೇಕಾಂತದ ಭಾಷೆಯಲ್ಲಿ ಹೇಳುವುದಾದರೆ ಇವು ಒಂದೊಂದೂ ಒಂದು ನಯ. ಹಿಟ್ ಸರ್ವರಿನ ಹೊರೆಯನ್ನು ತಿಳಿಸುತ್ತದೆ. ಯಾವ ಲೇಖನವನ್ನು ಜನ ಹುಡುಕುತ್ತಿದ್ದಾರೆ ಎಂಬುದನ್ನು ಪುಟವೀಕ್ಷಣೆ ತೋರಿಸುತ್ತದೆ. ಆದರೆ ಒಂದು ನಯವೇ ಪೂರ್ಣಸತ್ಯವೆಂದು ಹಟ ಹಿಡಿದಾಗ ಅದು ದುರ್ನಯವಾಗುತ್ತದೆ. ಲಕ್ಷ ಹಿಟ್‌ಗಳನ್ನು ಲಕ್ಷ ಭಕ್ತರೆಂದು ವಾರ್ಷಿಕ ವರದಿಯಲ್ಲಿ ಮುದ್ರಿಸಿ ಹೊಸ ದೇಣಿಗೆಯನ್ನು ಕೋರಿದರೆ ಅದು ಹೀನಾಧಿಕಮಾನವಲ್ಲದೆ ಬೇರೇನು?

ಅಳತೆಗೋಲೇ ಬದಲಾದುದಕ್ಕೆ ಒಂದು ನಿದರ್ಶನವಿದೆ. ಗೂಗಲ್ ಸಂಸ್ಥೆ 2005ರಲ್ಲಿ ಅರ್ಚಿನ್ ಎಂಬ ಸಂಸ್ಥೆಯನ್ನು ಕೊಂಡು ಅದೇ ವರ್ಷ ಅನಲಿಟಿಕ್ಸನ್ನು ಹೊರತಂದಿತು. ಅದರ ಹಳೆಯ ರೂಪದಲ್ಲಿ ಒಬ್ಬ ಶ್ರಾವಕನು ಒಂದೇ ಪುಟವನ್ನು ತೆರೆದು, ದಶಲಕ್ಷಣ ಧರ್ಮದ ಪ್ರವಚನವನ್ನು ಅರ್ಧ ಗಂಟೆ ಮನಸ್ಸಿಟ್ಟು ಓದಿ ಹೊರಟರೆ, ಸಾಮಾನ್ಯ ವ್ಯವಸ್ಥೆಯಲ್ಲಿ ಅವನು ‘ಬೌನ್ಸ್’, ಅಂದರೆ ಬಾಗಿಲಿನಿಂದಲೇ ಹಿಂದಿರುಗಿದವನು. ಅವನು ಕಳೆದ ಕಾಲ ಸೊನ್ನೆ. 2023ರ ಜುಲೈ 1ರಂದು ಆ ಹಳೆಯ ರೂಪದ ಸಾಮಾನ್ಯ ಆವೃತ್ತಿ ಎಣಿಕೆಯನ್ನು ನಿಲ್ಲಿಸಿತು. ಅದರ ಸ್ಥಾನಕ್ಕೆ ಬಂದ ನಾಲ್ಕನೆಯ ಆವೃತ್ತಿಯಲ್ಲಿ 10 ಸೆಕೆಂಡಿಗೂ ಹೆಚ್ಚು ಕಾಲದ ಭೇಟಿ ‘ಆಸಕ್ತಿಯ ಭೇಟಿ’ಯೆನಿಸಿತು. ಓದುಗನೂ ಅವನೇ, ಪ್ರವಚನವೂ ಅದೇ. ವ್ಯಾಖ್ಯೆ ಮಾತ್ರ ಬದಲಾಯಿತು. ಎರಡು ಅವಧಿಗಳ ಅಂಕಿಗಳನ್ನು ಒಟ್ಟಿಗಿಟ್ಟು ಪ್ರಗತಿಯನ್ನು ಕೊಂಡಾಡುವುದು ಸೇರಿನಲ್ಲಿ ಅಳೆದುದನ್ನು ಕಿಲೋದಲ್ಲಿ ತೂಗಿದುದಕ್ಕೆ ಹೋಲಿಸಿದಂತೆ.

ಇದಕ್ಕಿಂತಲೂ ಸೂಕ್ಷ್ಮವಾದುದು ಎಣಿಸಲ್ಪಡುವವನ ಹಕ್ಕು. ಅದೇ ಸೂತ್ರಗ್ರಂಥವು ಸತ್ಯಾಣುವ್ರತದ ಅತಿಚಾರಗಳಲ್ಲಿ ‘ರಹೋಭ್ಯಾಖ್ಯಾನ’ವನ್ನು, ಎಂದರೆ ಪರರು ಏಕಾಂತದಲ್ಲಿ ಮಾಡಿದುದನ್ನು ಹೊರಗೆಡಹುವುದನ್ನು ಹೇಳಿದೆ. ಸಲ್ಲೇಖನದ ವಿಚಾರವನ್ನೋ ಪ್ರಾಯಶ್ಚಿತ್ತದ ವಿಧಿಯನ್ನೋ ಒಬ್ಬನು ಏಕಾಂತದಲ್ಲಿ ಓದುತ್ತಾನೆ. ಎಣಿಕೆಯ ಸಾಧನವು ಅವನ ಊರು, ಅವನ ಮೊಬೈಲಿನ ಬಗೆ, ಅವನು ಎಲ್ಲಿಂದ ಬಂದನೆಂಬುದು, ಇವೆಲ್ಲವನ್ನೂ ಗುರುತು ಹಾಕಿಕೊಂಡು ದೂರದ ಸಂಸ್ಥೆಯೊಂದರ ಯಂತ್ರಗಳಿಗೆ ಕಳುಹಿಸುತ್ತದೆ. ಹೆಸರಿಲ್ಲದಿದ್ದರೂ ಅದು ಅವನ ಏಕಾಂತವೇ. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಸೂಚನೆ ಮತ್ತು ಒಪ್ಪಿಗೆಯ ತತ್ತ್ವವನ್ನು ಮಾನ್ಯಮಾಡಿದೆ. ಆದರೆ ಶ್ರಾವಕಧರ್ಮವು ಕಾನೂನಿಗಾಗಿ ಕಾಯಬೇಕಾದುದಿಲ್ಲ. ಬಸದಿಯ ಜಾಲತಾಣವು ತಾನು ಏನನ್ನು ಎಣಿಸುತ್ತಿದೆ, ಏತಕ್ಕಾಗಿ, ಎಷ್ಟು ಕಾಲ ಇಟ್ಟುಕೊಳ್ಳುತ್ತದೆ ಎಂಬುದನ್ನು ಸರಳವಾದ ಕನ್ನಡದಲ್ಲಿ ಮೊದಲೇ ತಿಳಿಸಬೇಕು. ಅಂಕಿಗಳನ್ನು ಸ್ವಂತ ಸರ್ವರಿನಲ್ಲಿಯೇ ಇಟ್ಟುಕೊಳ್ಳಬಹುದಾದ ಸಾಧನಗಳೂ ಇವೆ. 2007ರಲ್ಲಿ ಪಿವಿಕ್ ಎಂದು ಆರಂಭವಾಗಿ 2018ರಲ್ಲಿ ಮಟೋಮೋ ಎಂದು ಹೆಸರು ಬದಲಿಸಿದ ತಂತ್ರಾಂಶ ಅಂಥದು. ಬೇಕಾದಷ್ಟನ್ನೇ ಸಂಗ್ರಹಿಸಿ ಉಳಿದುದನ್ನು ಅಳಿಸುವುದು ಪರಿಗ್ರಹಪರಿಮಾಣಕ್ಕೆ ಒಪ್ಪುವ ನಡತೆ. ವಾರ್ಷಿಕ ವರದಿಯಲ್ಲಿ ಅಂಕಿಯ ಪಕ್ಕದಲ್ಲಿ ಅದು ಹಿಟ್ಟೋ ಭೇಟಿಯೋ ಸಂದರ್ಶಕರೋ, ಯಾವ ಸಾಧನದ ಎಣಿಕೆ, ಯಾವ ಅವಧಿಯದು ಎಂಬ ವಿವರವಿದ್ದರೆ ದಾನಿಗೂ ಸಮಾಧಾನ, ಟ್ರಸ್ಟಿಗೂ ಗೌರವ.

ಕೊನೆಯದಾಗಿ, ಅಂಕಿ ಕಡಿಮೆಯಿರುವ ಪುಟಗಳನ್ನು ತೆಗೆದುಹಾಕಿ ಹಣ ಉಳಿಸಬೇಕೆಂಬ ಸಲಹೆಯ ಬಗ್ಗೆ ಎಚ್ಚರ ಅಗತ್ಯ. ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ತಾಳೆಯೋಲೆಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದವು. ಅವುಗಳನ್ನು ಓದುವವರಿರಲಿ, ಕಣ್ಣಾರೆ ಕಂಡವರೇ ವಿರಳವಾಗಿದ್ದರು. ಅಂದು ಸಂದರ್ಶಕರ ಎಣಿಕೆಯನ್ನೇ ಪ್ರಮಾಣವಾಗಿ ಹಿಡಿದಿದ್ದರೆ ಆ ಓಲೆಗಳಿಗೆ ಎಣ್ಣೆ ಸವರುವ ಶ್ರಮವೂ ವ್ಯರ್ಥವೆನಿಸುತ್ತಿತ್ತು. ಆ ಗ್ರಂಥದ ಮೊದಲ ಸಂಪುಟ 1939ರಲ್ಲಿ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅಚ್ಚಾಯಿತು. ಒಟ್ಟು 16 ಸಂಪುಟಗಳಲ್ಲಿ ಅದು ಲೋಕಕ್ಕೆ ದೊರೆಯಿತು. ಕಾಪಾಡಿದವರು ಓದುಗರನ್ನು ಎಣಿಸಲಿಲ್ಲ, ಓಲೆಗಳನ್ನು ಕಾಪಾಡಿದರು. ಜಾಲತಾಣದಲ್ಲಿ ಹಳೆಯ ಗ್ರಂಥಗಳನ್ನು ಇಡುವ ಟ್ರಸ್ಟುಗಳು ಅಂಕಿಗಳನ್ನು ನೋಡುವುದರಲ್ಲಿ ತಪ್ಪಿಲ್ಲ. ಯಾವುದನ್ನು ಉಳಿಸಬೇಕೆಂಬ ನಿರ್ಣಯವನ್ನು ಮಾತ್ರ ಅವುಗಳಿಗೆ ಒಪ್ಪಿಸಬಾರದು.