ಒಣ ಮುರಕಲ್ಲಿನ ಮೇಲೆ ಅರ್ತಿಂಗ್: ಕೈಯಾರೆ ಕಟ್ಟಿದ ಆಂಪ್ಲಿಫೈಯರಿನ ವಿಮರ್ಶೆ

ಪುತ್ತೂರು, ಸುಳ್ಯ, ಕಡಬದ ಬಯಲಾಟಗಳಲ್ಲಿ ಕೈಯಾರೆ ಕಟ್ಟಿದ ಆಂಪ್ಲಿಫೈಯರನ್ನು ಅಳೆಯುವುದು ಕಿವಿಯಿಂದ: ಚೆಂಡೆಯ ಪೆಟ್ಟು ಒಡೆಯಬಾರದು, ಭಾಗವತರ ಪದ ಗದ್ದೆಯ ಕೊನೆಯಂಚಿಗೂ ಸ್ಪಷ್ಟವಾಗಿ ಮುಟ್ಟಬೇಕು, ಅರ್ಥಗಾರಿಕೆಯ ನಡುವೆ ಗುಂಯ್‌ಗುಡುವ ಹಮ್ಮಿಂಗ್ ಇರಬಾರದು. ಈ ಮಾನದಂಡ ತಪ್ಪಲ್ಲ, ಆದರೆ ಅಪೂರ್ಣ. 230 ವೋಲ್ಟನ್ನು ಒಳಗಿಟ್ಟುಕೊಂಡ ತಗಡಿನ ಪೆಟ್ಟಿಗೆಯೊಂದು, ಒಳಗಿನ ತಂತಿ ಸಡಿಲವಾದ ದಿನವೂ ಮುಟ್ಟಿದವರ ಜೀವ ಕಾಯುತ್ತದೆ ಎಂಬ ಖಾತರಿ ಇಲ್ಲದ ಹೊರತು ಅದನ್ನು ಒಳ್ಳೆಯ ಕೆಲಸ ಎನ್ನಲಾಗದು.

ಹಮ್ಮಿಂಗ್ ನಿಲ್ಲಿಸಲು ಪ್ಲಗ್ಗಿನ ಅರ್ತ್ ತಂತಿಯನ್ನೇ ಕಳಚುವ ಪದ್ಧತಿಯಂತೂ ಯಾವ ರಿಯಾಯಿತಿಗೂ ಅರ್ಹವಲ್ಲ. ಮಿಕ್ಸರಿಗೂ ಆಂಪ್ಲಿಫೈಯರಿಗೂ ಬೇರೆಬೇರೆ ಕಡೆ ಅರ್ತ್ ಇದ್ದು, ಸಿಗ್ನಲ್ ಕೇಬಲ್ಲಿನ ಹೊರಹೆಣಿಗೆ, ಅಂದರೆ ಶೀಲ್ಡ್, ಎರಡನ್ನೂ ಕೂಡಿಸಿದಾಗ ‘ಅರ್ತ್ ಲೂಪ್’ ಎಂಬ ಸುತ್ತು ಏರ್ಪಡುತ್ತದೆ. ಅದರಲ್ಲಿ ಹರಿಯುವ 50 ಹರ್ಟ್ಜ್‌ನ ಅಲ್ಪ ವಿದ್ಯುತ್ತೇ ಸ್ಪೀಕರಿನಲ್ಲಿ ಕೇಳಿಸುವ ಸದ್ದು. ಅರ್ತ್ ಕಳಚಿದರೆ ಸದ್ದು ನಿಲ್ಲುವುದು ನಿಜ, ಆದರೆ ಆಮೇಲೆ ಫೇಸ್ ತಂತಿ ಪೆಟ್ಟಿಗೆಗೆ ತಗುಲಿದರೆ ವಿದ್ಯುತ್ತಿಗೆ ಉಳಿಯುವ ದಾರಿ ಆ ತೆಳು ಶೀಲ್ಡ್, ಅಲ್ಲಿಂದ ಮುಂದೆ ಮೈಕಿನ ಲೋಹದ ಜಾಲರಿ. ಜಾಗಟೆ ಹಿಡಿದು ಹಾಡುವ ಭಾಗವತರ ತುಟಿಗೂ ಆ ಜಾಲರಿಗೂ ಇರುವ ಅಂತರ ನಾಲ್ಕು ಬೆರಳು.

ಸದ್ದಿನ ಚಿಕಿತ್ಸೆ ಸಿಗ್ನಲ್ಲಿನ ದಾರಿಯಲ್ಲೇ ಆಗಬೇಕು. ಮಿಕ್ಸರಿನ ಬಳಿಕ ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ ಶೀಲ್ಡನ್ನು ಒಂದೇ ತುದಿಯಲ್ಲಿ ಸೇರಿಸಿದರೆ ಲೂಪ್ ಕಡಿಯುತ್ತದೆ. ಇಲ್ಲವಾದರೆ ಒಳಗಿನ ಸಿಗ್ನಲ್ ಗ್ರೌಂಡನ್ನು 10 ಓಮ್‌ನ ರೆಸಿಸ್ಟರ್ ಮೂಲಕ ಪೆಟ್ಟಿಗೆಗೆ ಕೂಡಿಸಿ, ಸಮಾಂತರವಾಗಿ ದೊಡ್ಡ ಬ್ರಿಡ್ಜ್ ರೆಕ್ಟಿಫೈಯರ್ ಇಡಬಹುದು: ಲೂಪಿನ ಸಣ್ಣ ವಿದ್ಯುತ್ತನ್ನು ರೆಸಿಸ್ಟರ್ ತಗ್ಗಿಸುತ್ತದೆ, ದೊಡ್ಡ ದೋಷ ಬಂದಾಗ ಡಯೋಡುಗಳು ದಾರಿ ಕೊಡುತ್ತವೆ. ಪೆಟ್ಟಿಗೆಯ ಅರ್ತ್ ಮಾತ್ರ, ಬಣ್ಣ ಕೆರೆದ ತಗಡಿಗೆ ಹಲ್ಲಿನ ವಾಷರ್ ಹಾಕಿ ಬಿಗಿದ ಪ್ರತ್ಯೇಕ ಬೋಲ್ಟಿನಲ್ಲೇ ಇರಬೇಕು. ಹಸಿರು-ಹಳದಿ ತಂತಿಯನ್ನು ಉಳಿದೆರಡಕ್ಕಿಂತ ತುಸು ಉದ್ದ ಬಿಟ್ಟರೆ, ಯಾರಾದರೂ ಕೇಬಲ್ ಎಡವಿದಾಗ ಕೊನೆಗೆ ಕಿತ್ತುಬರುವುದು ಅದೇ.

ವಿದ್ಯುತ್ ಲೈನಿಗೆ ಸೇರಿದ ಪ್ರೈಮರಿ ಸುರುಳಿಯನ್ನೂ ಆಂಪ್ಲಿಫೈಯರಿಗೆ ವಿದ್ಯುತ್ ಕೊಡುವ ಸೆಕೆಂಡರಿಯನ್ನೂ ಬೇರ್ಪಡಿಸುವ ಪವರ್ ಟ್ರಾನ್ಸ್‌ಫಾರ್ಮರನ್ನು ರಿವೈಂಡಿಂಗ್ ಮಾಡಿಸಿದ್ದರೆ, ಆಟಿಯ ಮಳೆಗೆ ನಿರೋಧಕ ಕಾಗದ ತೇವ ಹೀರಿರಬಹುದು. 500 ವೋಲ್ಟಿನ ಮೆಗ್ಗರಿನಿಂದ ಪರೀಕ್ಷಿಸದೆ ಅದನ್ನು ಬಳಸಬಾರದು.

ಇಷ್ಟೆಲ್ಲ ಸರಿಯಿದ್ದರೂ ನೆಲ ಕೈಕೊಡಬಹುದು. ಮೇಳಗಳ ತಿರುಗಾಟ ದೀಪಾವಳಿಯ ಬಳಿಕ ಆರಂಭವಾಗಿ ಪತ್ತನಾಜೆಗೆ ಮುಗಿಯುತ್ತದೆ, ಅಂದರೆ ಈ ಸೀಮೆಯ ಮುರಕಲ್ಲಿನ ನೆಲ ಒಣಗುತ್ತ ಹೋಗುವ ತಿಂಗಳುಗಳಲ್ಲೇ ಆಟಗಳು ಹೆಚ್ಚು. ಒಣ ನೆಲ ವಿದ್ಯುತ್ತನ್ನು ಸುಲಭವಾಗಿ ಬಿಟ್ಟುಕೊಡದು. ಗದ್ದೆಯಲ್ಲಿ ಹೊಡೆದ ಅರ್ತ್ ಸರಳಿನ ರೋಧ 50 ಓಮ್ ಎಂದಿಟ್ಟುಕೊಂಡರೂ, 230 ವೋಲ್ಟಿನ ದೋಷದಲ್ಲಿ ಹರಿಯುವುದು ಹೆಚ್ಚೆಂದರೆ 4.6 ಆಂಪಿಯರ್, 6 ಆಂಪಿಯರಿನ ಎಂಸಿಬಿ ಬೀಳುವುದಿಲ್ಲ, ಪೆಟ್ಟಿಗೆ ಶಾಕ್ ಹೊಡೆಯುತ್ತಲೇ ಇರುತ್ತದೆ. ಇದ್ದಿಲು, ಉಪ್ಪು ತುಂಬಿ ನೀರೆರೆಯುವುದರಿಂದ ರೋಧ ಇಳಿದರೂ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ಹೋದ ವಿದ್ಯುತ್ತಿಗೂ ಮರಳಿ ಬಂದದ್ದಕ್ಕೂ ವ್ಯತ್ಯಾಸ ಕಂಡೊಡನೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದರೆ, ಅದೇ ಸರಳಿನಲ್ಲಿ ಪೆಟ್ಟಿಗೆ 1.5 ವೋಲ್ಟಿಗೆ ಏರುವಷ್ಟು ಸೋರಿಕೆಯೇ ಅದನ್ನು ಬೀಳಿಸಲು ಸಾಕು. ಆಂಪ್ಲಿಫೈಯರಿಗೆ ಸುರಿಯುವ ಹಣದಲ್ಲಿ ಮೊದಲ ಪಾಲು ಇದಕ್ಕೇ ಸಲ್ಲಬೇಕು.

ಜನರೇಟರಿನಲ್ಲಿ ಆಡಿಸುವಾಗ ಈ ರಕ್ಷಣೆಗೂ ಒಂದು ಷರತ್ತಿದೆ. ಅನೇಕ ಸಣ್ಣ ಜನರೇಟರುಗಳ ನ್ಯೂಟ್ರಲ್ ನೆಲಕ್ಕೆ ಸೇರಿರುವುದಿಲ್ಲ. ಹಾಗಿರುವಾಗ ಆರ್‌ಸಿಸಿಬಿಯ ಮುಂದೆಯೇ ಒಂದು ತಂತಿ ಒದ್ದೆ ನೆಲಕ್ಕೂ ಇನ್ನೊಂದು ಪೆಟ್ಟಿಗೆಗೂ ತಗುಲಿದರೆ, ಹೋದದ್ದೂ ಬಂದದ್ದೂ ಸಮವಾಗಿಯೇ ಇದ್ದು ಅದು ಬೀಳುವುದಿಲ್ಲ. ನ್ಯೂಟ್ರಲನ್ನು ಜನರೇಟರಿನ ಬಳಿಯೇ, ಆರ್‌ಸಿಸಿಬಿಗಿಂತ ಹಿಂದೆ, ಅರ್ತಿಗೆ ಕೂಡಿಸಿರಬೇಕು. ಟೆಸ್ಟ್ ಬಟನ್ ಒತ್ತಿ ನೋಡಿ ಸಮಾಧಾನಪಡುವಂತಿಲ್ಲ, ಏಕೆಂದರೆ ಆ ಬಟನ್ ಫೇಸ್-ನ್ಯೂಟ್ರಲ್‌ಗಳ ನಡುವೆಯೇ ಕೃತಕ ಸೋರಿಕೆ ಮಾಡುತ್ತದೆ. ನೆಲಕ್ಕೆ ಸಂಪರ್ಕವೇ ಇಲ್ಲದಿದ್ದರೂ ಆರ್‌ಸಿಸಿಬಿ ಟಕ್ಕೆಂದು ಬೀಳುತ್ತದೆ.